ಜಾಲಕ್ಕೆ ಗಡಿಯಾರ ಮರಳಿದ ಕಥೆ

1974ರ ಆಗಸ್ಟ್. ಅಮೆರಿಕದ ಪಶ್ಚಿಮ ಕರಾವಳಿಯ ಮರೀನಾ ಡೆಲ್ ರೇಯಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾಹಿತಿ ವಿಜ್ಞಾನ ಸಂಸ್ಥೆ, ಪೂರ್ವದ ಮ್ಯಾಸಚೂಸೆಟ್ಸ್‌ನಲ್ಲಿ ಎಂಐಟಿಯ ಲಿಂಕನ್ ಪ್ರಯೋಗಾಲಯ. ನಡುವೆ ಅರ್ಪಾನೆಟ್, ಇಂದಿನ ಇಂಟರ್ನೆಟ್ಟಿನ ಪೂರ್ವಜ. ಫೈಲು, ಪತ್ರಗಳನ್ನು ಸಾಗಿಸಲೆಂದು ಕಟ್ಟಿದ್ದ ಆ ಜಾಲದ ಮೇಲೆ ಡ್ಯಾನಿ ಕೋಹೆನ್ ಮತ್ತು ಅವರ ಸಂಗಡಿಗರು ಮನುಷ್ಯರ ಮಾತನ್ನು ಕಳಿಸಿ ನೋಡಿದರು. ಮಾತನ್ನು ಬಿಟ್‌ಗಳಾಗಿ ಒಡೆದು, ಬಿಟ್‌ಗಳನ್ನು ಪ್ಯಾಕೆಟ್‌ಗಳಲ್ಲಿ ಕಟ್ಟಿ, ಒಂದರ ಹಿಂದೆ ಒಂದನ್ನು ಬಿಟ್ಟರು. ಆಚೆ ತುದಿಗೆ ಪ್ಯಾಕೆಟ್‌ಗಳು ಬಂದವು. ಹೊರಟ ಲಯದಲ್ಲಿ ಮಾತ್ರ ಬರಲಿಲ್ಲ. ಸಮ ಅಂತರದಲ್ಲಿ ಹೊರಟವುಗಳಲ್ಲಿ ಕೆಲವು ದಾರಿಯ ಸರದಿಯಲ್ಲಿ ಕಾದು ತಡವಾದವು, ಕೆಲವು ಒಟ್ಟಿಗೇ ಬಂದು ಬಿದ್ದವು.

ಮಾತು ಅರ್ಥವಾಗಬೇಕಾದರೆ ಲಯ ಬೇಕು. ಹಾಗಾಗಿ ಬಂದ ಪ್ಯಾಕೆಟ್‌ಗಳನ್ನು ಕೊಂಚ ಹೊತ್ತು ಬಫರ್‌ನಲ್ಲಿ ತಡೆದಿಟ್ಟು, ಆಮೇಲೆ ಸಮ ಅಂತರದಲ್ಲಿ ಹೊರಬಿಡುವುದೊಂದೇ ದಾರಿ. ಸಮ ಅಂತರವೆಂದರೆ ಯಾರ ಗಡಿಯಾರದ ಪ್ರಕಾರ? ಕಳಿಸಿದವರ ಗಡಿಯಾರ ದೇಶದ ಇನ್ನೊಂದು ತುದಿಯಲ್ಲಿದೆ. ಸ್ವೀಕರಿಸುವವರ ಬಳಿ ಇರುವುದು ಬೇರೆಯದೇ ಗಡಿಯಾರ. ಪ್ರಯೋಗದ ಮಾತುಕತೆಯಲ್ಲಿ ಇದು ದೊಡ್ಡ ತೊಡಕಲ್ಲ. ಮಾತಿನ ನಡುವಿನ ಮೌನವನ್ನು ಒಂದಿಷ್ಟು ಹಿಗ್ಗಿಸಿ ಕುಗ್ಗಿಸಿದರೆ ವ್ಯತ್ಯಾಸ ಮುಚ್ಚಿಹೋಗುತ್ತದೆ. ಆದರೆ ಇಡೀ ಟೆಲಿಫೋನ್ ಜಾಲವನ್ನೇ ಪ್ಯಾಕೆಟ್‌ಗಳ ಮೇಲೆ ಕೂರಿಸಲು ಹೊರಟಾಗ ಅದೇ ಪ್ರಶ್ನೆ ಎಂಜಿನಿಯರುಗಳನ್ನು ಹಲವು ದಶಕ ದುಡಿಸಿತು.

ಮಾತಿನ ಜೊತೆಗೇ ಬರುತ್ತಿದ್ದ ಸಮಯ

ಹಳೆಯ ಜಾಲದಲ್ಲಿ ಈ ಪ್ರಶ್ನೆಗೆ ಉತ್ತರ ತಂತಿಯಲ್ಲೇ ಇತ್ತು. 1930ರ ದಶಕದ ಕೊನೆಯಲ್ಲಿ ಪ್ಯಾರಿಸ್‌ನಲ್ಲಿ ಕೆಲಸ ಮಾಡುತ್ತಿದ್ದ ಇಂಗ್ಲಿಷ್ ಎಂಜಿನಿಯರ್ ಅಲೆಕ್ ರೀವ್ಸ್, ಧ್ವನಿಯನ್ನು ನಿಯತವಾಗಿ ಅಳೆದು ಅಂಕಿಗಳಾಗಿ ಕಳಿಸುವ ಪಲ್ಸ್ ಕೋಡ್ ಮಾಡ್ಯುಲೇಶನ್ ವಿಧಾನಕ್ಕೆ ಪೇಟೆಂಟ್ ಪಡೆದರು. ಆಗಿನ ವಾಲ್ವುಗಳಿಗೆ ಅದು ಭಾರವಾದ ಕೆಲಸ. ಟ್ರಾನ್ಸಿಸ್ಟರ್ ಬಂದ ಮೇಲೆ, 1962ರಲ್ಲಿ, ಬೆಲ್ ಸಿಸ್ಟಂ ಟಿ1 ಎಂಬ ಡಿಜಿಟಲ್ ಮಾರ್ಗವನ್ನು ಶಿಕಾಗೋ ಪ್ರದೇಶದಲ್ಲಿ ಬಳಕೆಗೆ ತಂದಿತು. ಯುರೋಪು ಇ1 ಎಂಬ ತನ್ನದೇ ಕ್ರಮ ಮಾಡಿಕೊಂಡಿತು. ಭಾರತವೂ ಅದನ್ನೇ ಹಿಡಿಯಿತು.

ಎರಡರಲ್ಲೂ ಧ್ವನಿಯನ್ನು ಸೆಕೆಂಡಿಗೆ 8000 ಸಲ ಅಳೆಯುತ್ತಾರೆ. ಅಂದರೆ 125 ಮೈಕ್ರೋಸೆಕೆಂಡಿಗೊಂದು ಅಳತೆ, ಒಂದೊಂದಕ್ಕೂ 8 ಬಿಟ್. ಇ1ನಲ್ಲಿ ಇಂಥ 32 ಕಾಲುವೆಗಳು ಸೇರಿ 256 ಬಿಟ್‌ಗಳ ಒಂದು ಫ್ರೇಮ್ ಆಗುತ್ತದೆ. ಸೆಕೆಂಡಿಗೆ 8000 ಫ್ರೇಮ್, ಒಟ್ಟು 20,48,000 ಬಿಟ್. ಗಡಿಯಾರಕ್ಕೆಂದು ಬೇರೆ ತಂತಿ ಇಲ್ಲ. ಬಿಟ್‌ಗಳ ಏರಿಳಿತವನ್ನೇ ಗಮನಿಸಿ ಸ್ವೀಕರಿಸುವ ಯಂತ್ರ ತನ್ನ ಆಂದೋಲಕವನ್ನು ಹೊಂದಿಸಿಕೊಳ್ಳುತ್ತದೆ. ಇದನ್ನು ಮಾಡುವ ಫೇಸ್ ಲಾಕ್ಡ್ ಲೂಪ್ ಎಂಬ ಮಂಡಲದ ಬೇರು 1932ರಲ್ಲಿ ಫ್ರಾನ್ಸಿನ ಆಂರಿ ದ ಬೆಲ್‌ಸಿಜ್ ರೇಡಿಯೋ ಸ್ವೀಕಾರದ ಬಗ್ಗೆ ಬರೆದ ಲೇಖನದಲ್ಲಿದೆ. ಸತತವಾಗಿ ಸೊನ್ನೆಗಳೇ ಬಂದರೆ ತಂತಿಯಲ್ಲಿ ಏರಿಳಿತವಿಲ್ಲ, ಮಿಡಿತ ಸಿಗುವುದಿಲ್ಲ. ಅದಕ್ಕೇ ಇ1 ಮಾರ್ಗದಲ್ಲಿ ಒಟ್ಟೊಟ್ಟಿಗೆ ನಾಲ್ಕು ಸೊನ್ನೆ ಬಂದರೆ ಅವುಗಳ ಜಾಗದಲ್ಲಿ ಬೇರೊಂದು ಗುರುತಿನ ವಿನ್ಯಾಸವನ್ನು ಕೂರಿಸುತ್ತಾರೆ. ಮಾತನ್ನು ಸಾಗಿಸುವಷ್ಟೇ ಎಚ್ಚರದಿಂದ ಆ ಎಂಜಿನಿಯರುಗಳು ಮಿಡಿತವನ್ನೂ ಸಾಗಿಸಿದರು.

ಒಂದು ತಂತಿಯ ಎರಡು ತುದಿಗೆ ಇದು ಸಾಕು. 1976ರ ಜನವರಿಯಲ್ಲಿ ಶಿಕಾಗೋದಲ್ಲಿ 4ಇಎಸ್‌ಎಸ್ ಎಂಬ ಡಿಜಿಟಲ್ ದೂರಕರೆ ವಿನಿಮಯ ಕೇಂದ್ರ ಕೆಲಸ ಶುರುಮಾಡಿದಾಗ ಹೊಸ ತಾಪತ್ರಯ ಎದುರಾಯಿತು. ನಾನಾ ಊರಿನಿಂದ ಬಂದ ಬಿಟ್ ಪ್ರವಾಹಗಳನ್ನು ಒಂದೇ ಯಂತ್ರ ಬೆರೆಸಿ ಹಂಚಬೇಕು. ಒಂದೊಂದು ಊರಿನ ಗಡಿಯಾರ ಒಂದೊಂದು ವೇಗದಲ್ಲಿದ್ದರೆ? ಎರಡು ಗಡಿಯಾರಗಳ ವ್ಯತ್ಯಾಸ ಹತ್ತು ಲಕ್ಷದಲ್ಲಿ ಒಂದೇ ಒಂದು ಭಾಗ ಎಂದಿಟ್ಟುಕೊಳ್ಳಿ. 125 ಸೆಕೆಂಡಿನಲ್ಲಿ ಒಂದು ಪೂರ್ತಿ ಫ್ರೇಮ್‌ನಷ್ಟು ಬಿಟ್ ಹೆಚ್ಚಾಗಿರುತ್ತದೆ ಅಥವಾ ಕಡಿಮೆ ಬಿದ್ದಿರುತ್ತದೆ. ಯಂತ್ರ ಆಗ ಒಂದು ಫ್ರೇಮನ್ನು ಎಸೆಯಬೇಕು, ಇಲ್ಲವೇ ಹಿಂದಿನದನ್ನೇ ಮತ್ತೊಮ್ಮೆ ಓದಬೇಕು. ಟೆಲಿಕಾಂನವರು ಇದನ್ನು ಸ್ಲಿಪ್ ಎನ್ನುತ್ತಾರೆ. ಮಾತನಾಡುವವರಿಗೆ ಅದು ‘ಟಿಕ್’ ಎಂದು ಕೇಳಿಸಿದರೆ ಹೆಚ್ಚು. ಫ್ಯಾಕ್ಸ್ ಹಾಳೆಯಲ್ಲಿ ಒಂದೆರಡು ಸಾಲು ಕೆಡುತ್ತದೆ. ಮೋಡೆಮ್‌ನಲ್ಲಿ ದತ್ತಾಂಶ ತಪ್ಪುತ್ತದೆ. ಗೂಢಲಿಪಿಯ ಸಂಪರ್ಕವಾದರೆ ಬೀಗ, ಕೀಲಿಗಳ ಹೊಂದಾಣಿಕೆಯೇ ತಪ್ಪಿ ಕರೆ ಹಾಳಾಗುತ್ತದೆ.

ಪರಿಹಾರ ಯಜಮಾನ ಗಡಿಯಾರ. ಬೆಲ್ ಸಿಸ್ಟಂ ಮಿಸ್ಸೌರಿ ರಾಜ್ಯದ ಹಿಲ್ಸ್‌ಬರೋದಲ್ಲಿ ಸೀಸಿಯಂ ಪರಮಾಣು ಗಡಿಯಾರಗಳನ್ನು ಇಟ್ಟು, ಅಲ್ಲಿನ ಮಿಡಿತವನ್ನು ದೊಡ್ಡ ಕೇಂದ್ರದಿಂದ ಸಣ್ಣ ಕೇಂದ್ರಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿತು. ದೇಶ ದೇಶಗಳ ನಡುವಿನ ಸಂಪರ್ಕಕ್ಕೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಜಿ.811 ಎಂಬ ನಿಯಮ ಮಾಡಿತು: ರಾಷ್ಟ್ರೀಯ ಗಡಿಯಾರದ ತಪ್ಪು ಹತ್ತು ಸಾವಿರ ಕೋಟಿಯಲ್ಲಿ ಒಂದು ಭಾಗವನ್ನು ಮೀರಕೂಡದು. ಅಂಥ ಎರಡು ಗಡಿಯಾರಗಳು ವಿರುದ್ಧ ದಿಕ್ಕಿಗೆ ಜಾರಿದರೂ ಒಂದು ಸ್ಲಿಪ್ ಆಗಲು 70 ದಿನಕ್ಕಿಂತ ಹೆಚ್ಚು ಬೇಕು. ಪಟ್ಟಣದ ವಿನಿಮಯ ಕೇಂದ್ರದಿಂದ ಬಾಡಿಗೆಗೆ ಒಂದು ಇ1 ಮಾರ್ಗ ಪಡೆದ ಬ್ಯಾಂಕಿಗೆ, ಕಾರ್ಖಾನೆಗೆ, ಆಮೇಲೆ ಮೊಬೈಲ್ ಗೋಪುರಕ್ಕೆ ಬಿಟ್‌ಗಳ ಜೊತೆಗೇ ಪರಮಾಣು ಗಡಿಯಾರದ ಮಿಡಿತವೂ ಸಿಗುತ್ತಿತ್ತು. ಅದಕ್ಕೆ ಪ್ರತ್ಯೇಕ ಬಿಲ್ ಇರಲಿಲ್ಲ. ಹಾಗಾಗಿಯೇ ಅದು ಎಷ್ಟು ಬೆಲೆಬಾಳುವ ವಸ್ತು ಎಂಬುದು ಬಹಳ ಜನರ ಗಮನಕ್ಕೆ ಬರಲಿಲ್ಲ.

ಪ್ಯಾಕೆಟ್ ಬಿಟ್ಟುಬಂದದ್ದು

ಅಮೆರಿಕದ ಪಾಲ್ ಬರಾನ್, ಬ್ರಿಟನ್ನಿನ ಡೊನಾಲ್ಡ್ ಡೇವೀಸ್ 1960ರ ದಶಕದಲ್ಲಿ ರೂಪಿಸಿದ ಪ್ಯಾಕೆಟ್ ವಿಧಾನದ ಶಕ್ತಿಯೇ ಅದರ ಬಿಡುತನ. ಇಬ್ಬರ ನಡುವೆ ಮಾರ್ಗವನ್ನು ಮೀಸಲಿಡಬೇಕಿಲ್ಲ. ವಿಳಾಸ ಹೊತ್ತ ಪ್ಯಾಕೆಟ್ ಜಾಗ ಸಿಕ್ಕಾಗ ಸಾಗುತ್ತದೆ. ಪಕ್ಕದ ಎರಡು ಯಂತ್ರಗಳ ಗಡಿಯಾರ ಬೇರೆಯಾದರೂ ನಷ್ಟವಿಲ್ಲ; ನಡುವಿನ ಬಿಡುವು ವ್ಯತ್ಯಾಸವನ್ನು ನುಂಗಿಕೊಳ್ಳುತ್ತದೆ. ಈಥರ್ನೆಟ್ ನಿಯಮ ಗಡಿಯಾರದಲ್ಲಿ ಹತ್ತು ಲಕ್ಷಕ್ಕೆ 100 ಭಾಗದಷ್ಟು ತಪ್ಪನ್ನು ಒಪ್ಪಿಕೊಂಡದ್ದು ಇದೇ ಕಾರಣಕ್ಕೆ. ಅಗ್ಗದ ಸ್ಫಟಿಕ ಸಾಕು, ಯಂತ್ರವೂ ಅಗ್ಗ, ಜಾಲವೂ ಅಗ್ಗ. ಮಾಹಿತಿಯೂ ಸಮಯವೂ ಬೇರೆ ಬೇರೆಯಾದದ್ದು ಇಲ್ಲಿಯೇ. ಪ್ಯಾಕೆಟ್ ಮಾಹಿತಿಯನ್ನು ಒಯ್ಯಿತು, ಮಿಡಿತವನ್ನು ಹೊರಟ ಜಾಗದಲ್ಲೇ ಬಿಟ್ಟಿತು.

ಬೆಲ್ ಲ್ಯಾಬ್ಸ್‌ನ ವಾರನ್ ಮಾಂಟ್‌ಗೊಮರಿ 1983ರಲ್ಲಿ ಪ್ಯಾಕೆಟ್ ಧ್ವನಿಯ ಹೊಂದಾಣಿಕೆಯ ವಿಧಾನಗಳನ್ನು ವರ್ಗೀಕರಿಸಿ ಬರೆದರು. ಎರಡು ತುದಿಗಳಿಗೆ ಜಾಲದ ಬಗ್ಗೆ, ಪರಸ್ಪರರ ಸಮಯದ ಬಗ್ಗೆ ಎಷ್ಟು ಗೊತ್ತಿದೆ ಎಂಬುದರ ಮೇಲೆ ವಿಧಾನ ನಿರ್ಧಾರವಾಗುತ್ತದೆ ಎಂಬುದು ಆ ವರ್ಗೀಕರಣದ ಹುರುಳು. ಮುಂದಿನ ಇತಿಹಾಸವನ್ನೆಲ್ಲ ಅದೇ ದೃಷ್ಟಿಯಿಂದ ಓದಬಹುದು. ದೂರದೂರದ ಎರಡು ಗಡಿಯಾರಗಳನ್ನು ಹೊಂದಿಸಬೇಕಾದರೆ ಅವೆರಡಕ್ಕೂ ಸಮಾನವಾದದ್ದು ಏನಾದರೂ ಇರಲೇಬೇಕು. ಏನದು? ಒಂದೊಂದು ತಲೆಮಾರು ಒಂದೊಂದು ಉತ್ತರ ಕೊಟ್ಟಿತು.

1980ರ ದಶಕದ ಕೊನೆಯಲ್ಲಿ ಟೆಲಿಫೋನ್ ಕಂಪನಿಗಳು ಮಾತು, ಚಿತ್ರ, ದತ್ತಾಂಶ ಮೂರನ್ನೂ ಒಂದೇ ಜಾಲದಲ್ಲಿ ಸಾಗಿಸಲು ಎಟಿಎಂ ಎಂಬ ವ್ಯವಸ್ಥೆಯನ್ನು ಆರಿಸಿಕೊಂಡವು. ಇದರಲ್ಲಿ ಎಲ್ಲವೂ ಪುಟ್ಟ, ಸಮಗಾತ್ರದ ಪ್ಯಾಕೆಟ್‌ಗಳು: 53 ಬೈಟ್‌ನ ಸೆಲ್, ಅದರಲ್ಲಿ 48 ಬೈಟ್ ಸರಕು. ಅಮೆರಿಕ 64 ಬೇಕೆಂದಿತು, ಯುರೋಪು 32 ಸಾಕೆಂದಿತು, ನಡುವೆ 48ಕ್ಕೆ ರಾಜಿಯಾಯಿತು. ಈ ಸೆಲ್‌ಗಳ ಮೇಲೆ ಹಳೆಯ ಇ1 ಮಾರ್ಗವನ್ನು ಹಾಗೆಯೇ ಸಾಗಿಸಬೇಕು. ಆಚೆ ತುದಿಯಲ್ಲಿ ಹೊರಬರುವ ಬಿಟ್‌ಗಳ ವೇಗ ಒಳಹೋದ ವೇಗಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದಬೇಕು.

ಬೆಲ್‌ಕೋರ್ ಸಂಸ್ಥೆಯ ರಿಚರ್ಡ್ ಲಾವ್ ಮತ್ತು ಪಾಲ್ ಫ್ಲೈಷರ್ ಇದಕ್ಕೆ ಕಂಡುಕೊಂಡ ಉಪಾಯವನ್ನು ಹತ್ತಿರದಿಂದ ನೋಡಬೇಕು. ಬಳಕೆದಾರರ ಇ1 ಗಡಿಯಾರ ಜಾಲದ ಗಡಿಯಾರಕ್ಕಿಂತ ಬೇರೆಯಾಗಿದ್ದರೂ ಜಾಲದ ಗಡಿಯಾರ ಎರಡೂ ತುದಿಗೆ ಸಿಗುತ್ತದೆ. ಸೆಕೆಂಡಿಗೆ 24.3 ಲಕ್ಷ ಮಿಡಿತದ ಒಂದು ಉಪಗಡಿಯಾರವನ್ನು ಅದರಿಂದ ಪಡೆಯಬಹುದು. ಕಳಿಸುವ ಕಡೆ, ಎಂಟು ಸೆಲ್‌ಗಳಷ್ಟು, ಅಂದರೆ 3008 ಬಿಟ್ ಹೊರಡುವಷ್ಟರಲ್ಲಿ ಆ ಉಪಗಡಿಯಾರ ಎಷ್ಟು ಸಲ ಮಿಡಿಯಿತು ಎಂದು ಎಣಿಸುತ್ತಾರೆ. ಲೆಕ್ಕ 3569.06ರ ಆಸುಪಾಸು ಬರುತ್ತದೆ. ಅಂದರೆ ಸಾಮಾನ್ಯವಾಗಿ 3569, ಆಗೊಮ್ಮೆ ಈಗೊಮ್ಮೆ 3570. ಇ1 ಗಡಿಯಾರ ತನ್ನ ಮಿತಿಯೊಳಗೆ ಎಷ್ಟು ತಪ್ಪಿದರೂ ಈ ಎಣಿಕೆ ಒಂದಕ್ಕಿಂತ ಕಡಿಮೆ ಅಲುಗುತ್ತದೆ. ಪೂರ್ತಿ ಸಂಖ್ಯೆ ಕಳಿಸುವ ಅಗತ್ಯವೇ ಇಲ್ಲ. ಕೊನೆಯ 4 ಬಿಟ್ ಕಳಿಸಿದರೆ ಆಚೆ ತುದಿ ಉಳಿದದ್ದನ್ನು ತಾನೇ ತಿಳಿದುಕೊಂಡು ಮೂಲ ಮಿಡಿತವನ್ನು ಕಟ್ಟಿಕೊಳ್ಳುತ್ತದೆ. 3008 ಬಿಟ್ ಸರಕಿಗೆ 4 ಬಿಟ್ ಸಮಯ! ಇಷ್ಟು ಮಿತವ್ಯಯದ, ಇಷ್ಟು ಖಚಿತವಾದ ವಿಧಾನ ಆ ದಶಕದ ಸಂಪರ್ಕ ತಂತ್ರಜ್ಞಾನದ ಅತ್ಯಂತ ಚೆಲುವಾದ ಕೆಲಸಗಳಲ್ಲೊಂದು.

ಅದಕ್ಕಿದ್ದ ಷರತ್ತು ಒಂದೇ: ಎರಡೂ ತುದಿಗೆ ಒಂದೇ ಜಾಲ ಗಡಿಯಾರ ಇರಬೇಕು. ಎಟಿಎಂ ಹಿಂದೆ ಸರಿದು ಐಪಿ ಮತ್ತು ಈಥರ್ನೆಟ್ ಗೆದ್ದಾಗ ಆ ಷರತ್ತು ಬಿದ್ದುಹೋಯಿತು.

ತೊಟ್ಟಿಯ ಮಟ್ಟ ನೋಡಿ ವೇಗ ಅಳೆದವರು

ಸಮಾನವಾದದ್ದು ಏನೂ ಇಲ್ಲದಾಗ ಉಳಿಯುವುದು ಪ್ಯಾಕೆಟ್‌ಗಳ ಬರವು ಮಾತ್ರ. ಅದನ್ನೇ ನೆಚ್ಚಿಕೊಂಡ ವಿಧಾನಕ್ಕೆ ಅಡಾಪ್ಟಿವ್ ಕ್ಲಾಕ್ ರಿಕವರಿ ಎಂದು ಹೆಸರು. ಮೇಲಿನಿಂದ ನೀರು ಬೀಳುವ, ಕೆಳಗೆ ನಲ್ಲಿ ಇರುವ ತೊಟ್ಟಿಯನ್ನು ಊಹಿಸಿಕೊಳ್ಳಿ. ಬೀಳುವ ನೀರಿನ ವೇಗ ನಿಮಗೆ ಕಾಣುವುದಿಲ್ಲ. ಮಟ್ಟ ಏರುತ್ತಿದ್ದರೆ ನಲ್ಲಿಯನ್ನು ಕೊಂಚ ತೆರೆಯುತ್ತೀರಿ, ಇಳಿಯುತ್ತಿದ್ದರೆ ಕೊಂಚ ತಿರುಗಿಸಿ ಬಿಗಿಮಾಡುತ್ತೀರಿ. ಮಟ್ಟ ಸ್ಥಿರವಾಗಿ ನಿಂತಿತೆಂದರೆ ಒಳಬರುವ ವೇಗ, ಹೊರಹೋಗುವ ವೇಗ ಒಂದೇ. ಇಲ್ಲಿ ತೊಟ್ಟಿಯೆಂದರೆ ಬಫರ್. ನಲ್ಲಿಯೆಂದರೆ ಸ್ವೀಕರಿಸುವ ಯಂತ್ರದ ಆಂದೋಲಕ.

ಕೇಳಲು ಸರಳ, ಆಚರಣೆಯಲ್ಲಿ ಕಠಿಣ. ಬಫರ್ ಏರಿದ್ದು ಕಳಿಸುವ ಗಡಿಯಾರ ವೇಗವಾಗಿದ್ದರಿಂದಲೋ, ದಾರಿಯಲ್ಲಿ ಸಿಕ್ಕಿಕೊಂಡಿದ್ದ ಪ್ಯಾಕೆಟ್‌ಗಳು ಒಮ್ಮೆಗೇ ಬಿಡುಗಡೆಯಾದ್ದರಿಂದಲೋ? ಕ್ಷಣಕ್ಷಣದ ಅಲುಗಾಟವನ್ನು, ಅಂದರೆ ಜಿಟರ್ ಅನ್ನು, ಸರಾಸರಿ ತೆಗೆದು ಅಳಿಸಬಹುದು. ಸೆಕೆಂಡಿಗೆ ಹತ್ತಾವರ್ತಿಗಿಂತ ನಿಧಾನವಾದ ಅಲೆಯನ್ನು ವಾಂಡರ್ ಎನ್ನುತ್ತಾರೆ, ತೊಂದರೆ ಅದರದ್ದು. ಬೆಳಿಗ್ಗೆ ಕಚೇರಿಗಳು ತೆರೆದಾಗ ಜಾಲ ತುಂಬುತ್ತದೆ, ರಾತ್ರಿ ಖಾಲಿಯಾಗುತ್ತದೆ. ವಿಳಂಬವೂ ಅದರ ಜೊತೆಗೆ ಗಂಟೆಗಟ್ಟಲೆ ಏರಿ ಇಳಿಯುತ್ತದೆ. ಗಡಿಯಾರವೇ ಜಾರಿದಾಗಲೂ ಯಂತ್ರಕ್ಕೆ ಕಾಣುವುದು ಇದೇ ಏರಿಳಿತ. ಇದನ್ನು ಸೋಸಲು ಗಂಟೆಗಟ್ಟಲೆ ಸರಾಸರಿ ಬೇಕು. ಅಷ್ಟು ಹೊತ್ತು ತಾನೂ ಜಾರದ ಒಳ್ಳೆಯ ಆಂದೋಲಕ ಬೇಕು. ಒಳ್ಳೆಯ ಆಂದೋಲಕವೆಂದರೆ ದುಡ್ಡು.

ಇಲ್ಲಿ ಎಂಜಿನಿಯರುಗಳಿಗೆ ನೆರವಾದದ್ದು ಒಂದು ಗಮನಿಕೆ. ಜಾಲ ಎಷ್ಟೇ ತುಂಬಿರಲಿ, ಸಾವಿರ ಪ್ಯಾಕೆಟ್‌ಗಳಲ್ಲಿ ಕೆಲವಾದರೂ ಎಲ್ಲೂ ಕಾಯದೆ ನೇರವಾಗಿ ಬಂದುಬಿಡುತ್ತವೆ. ಕಾಯುವಿಕೆ ಬದಲಾಗಬಹುದು, ದಾರಿಯ ಕನಿಷ್ಠ ವಿಳಂಬ ಬದಲಾಗುವುದಿಲ್ಲ. ಹಾಗಾದರೆ ಸರಾಸರಿಯ ಗೊಡವೆ ಬಿಟ್ಟು, ಬೇಗ ಬಂದ ಆ ಕೆಲವನ್ನೇ ಆರಿಸಿ ಅವುಗಳಿಂದ ಗಡಿಯಾರ ಹೊಂದಿಸಬೇಕು. ಇ1ನಂಥ ಮಾರ್ಗಗಳನ್ನು ಐಪಿ ಮೇಲೆ ಸಾಗಿಸುವ ನಿಯಮಗಳನ್ನು ಇಂಟರ್ನೆಟ್ ಎಂಜಿನಿಯರಿಂಗ್ ಕಾರ್ಯಪಡೆ 2006 ಮತ್ತು 2007ರಲ್ಲಿ ಪ್ರಕಟಿಸುವ ಹೊತ್ತಿಗೆ ಇಂಥ ಕುಶಲತೆಗಳು ಪಕ್ವವಾಗಿದ್ದವು.

ಡೇವಿಡ್ ಮಿಲ್ಸ್ ಕೇಳಿದ ನಾಲ್ಕು ಸಮಯ

ಟೆಲಿಫೋನಿನವರಿಗೆ ಬೇಕಾದದ್ದು ವೇಗದ ಹೊಂದಾಣಿಕೆ. ಕಂಪ್ಯೂಟರಿನವರು ಕೇಳುತ್ತಿದ್ದದ್ದು ಬೇರೆ: ಈಗ ಗಂಟೆ ಎಷ್ಟು? ಈ ಪ್ರಶ್ನೆಗೆ ತಮ್ಮ ವೃತ್ತಿಜೀವನವನ್ನೇ ಕೊಟ್ಟವರು ಡೇವಿಡ್ ಮಿಲ್ಸ್. ಅವರು 1980ರ ದಶಕದ ಆರಂಭದಲ್ಲಿ ತಮ್ಮ ಫಜ್‌ಬಾಲ್ ಕಂಪ್ಯೂಟರುಗಳ ಮೇಲೆ ಜಾಲದ ಗಡಿಯಾರ ಸೇವೆ ಕಟ್ಟಿದರು. 1985ರ ಸೆಪ್ಟೆಂಬರಿನಲ್ಲಿ ಆರ್‌ಎಫ್‌ಸಿ 958 ಎಂಬ ಕಡತದಲ್ಲಿ ನೆಟ್‌ವರ್ಕ್ ಟೈಮ್ ಪ್ರೋಟೋಕಾಲ್, ಎನ್‌ಟಿಪಿ, ರೂಪ ಪಡೆಯಿತು. ಮುಂದೆ ಡೆಲವೇರ್ ವಿಶ್ವವಿದ್ಯಾಲಯದಲ್ಲಿದ್ದುಕೊಂಡು ದಶಕಗಳ ಕಾಲ ಅದನ್ನು ತಿದ್ದಿ ಬೆಳೆಸಿದರು. ಕಣ್ಣಿನ ದೃಷ್ಟಿ ಕುಂದಿದ ಮೇಲೂ ಕೆಲಸ ನಿಲ್ಲಿಸಲಿಲ್ಲ. 2024ರ ಜನವರಿಯಲ್ಲಿ ತೀರಿಕೊಂಡರು. ನಮ್ಮ ಫೋನು, ಲ್ಯಾಪ್‌ಟಾಪುಗಳಲ್ಲಿ ಇಂದು ಗಂಟೆ ತಾನಾಗಿ ಸರಿಯಾಗುತ್ತಿದ್ದರೆ ಆ ಮನುಷ್ಯನ ಋಣ ಅದರಲ್ಲಿದೆ.

ವಿಧಾನ ಹೀಗೆ. ನಿಮ್ಮ ಕಂಪ್ಯೂಟರ್ ತನ್ನ ಗಡಿಯಾರದಲ್ಲಿ 0 ಮಿಲಿಸೆಕೆಂಡಿಗೆ ಪ್ರಶ್ನೆ ಕಳಿಸಿತು. ಸರ್ವರ್ ತನ್ನ ಗಡಿಯಾರದ 70ಕ್ಕೆ ಅದನ್ನು ಪಡೆದು 71ಕ್ಕೆ ಉತ್ತರಿಸಿತು. ಉತ್ತರ ನಿಮಗೆ ಮುಟ್ಟಿದಾಗ ನಿಮ್ಮ ಗಡಿಯಾರದಲ್ಲಿ 101. ಸರ್ವರ್‌ನಲ್ಲಿ ಕಳೆದ 1 ತೆಗೆದರೆ ಹೋಗಿ ಬರುವ ಪಯಣ 100 ಮಿಲಿಸೆಕೆಂಡ್. ಹೋಗುವುದಕ್ಕೆ 50, ಬರುವುದಕ್ಕೆ 50 ಎಂದುಕೊಂಡರೆ ಪ್ರಶ್ನೆ ಸರ್ವರ್ ಮುಟ್ಟಿದಾಗ ನಿಮ್ಮ ಗಡಿಯಾರ 50 ತೋರಿಸಬೇಕು. ಸರ್ವರ್ 70 ಎನ್ನುತ್ತಿದೆ. ನಿಮ್ಮದು 20 ಮಿಲಿಸೆಕೆಂಡ್ ಹಿಂದಿದೆ.

ಈಗ ಇದೇ ನಾಲ್ಕು ಸಂಖ್ಯೆಗಳನ್ನು ಇನ್ನೊಂದು ಬಗೆಯಲ್ಲಿ ನೋಡಿ. ಹೋಗುವ ದಾರಿ 70, ಬರುವ ದಾರಿ 30 ಆಗಿದ್ದರೆ? ನಿಮ್ಮ ಗಡಿಯಾರ ಮೊದಲಿನಿಂದಲೂ ಸರಿಯಾಗಿಯೇ ಇತ್ತು. ತಿದ್ದಲು ಹೋಗಿ ಕೆಡಿಸಿದಿರಿ. ಈ ಎರಡರಲ್ಲಿ ಯಾವುದು ನಿಜ ಎಂದು ಹೇಳಲು ಆ ನಾಲ್ಕು ಸಂಖ್ಯೆಗಳಿಗೆ ಸಾಧ್ಯವಿಲ್ಲ. ಸಾವಿರ ಸಲ ಕೇಳಿದರೂ ಸಾಧ್ಯವಿಲ್ಲ. ಎರಡು ದಾರಿ ಸಮ ಎಂಬ ನಂಬಿಕೆಯ ಮೇಲೆ ಇಡೀ ಕಟ್ಟಡ ನಿಂತಿದೆ, ನಂಬಿಕೆ ಎಷ್ಟು ತಪ್ಪೋ ಅದರ ಅರ್ಧದಷ್ಟು ತಪ್ಪು ಗಡಿಯಾರಕ್ಕೆ ಇಳಿಯುತ್ತದೆ. ಪ್ಯಾಕೆಟ್ ಜಾಲದಲ್ಲಿ ಸಮಯ ಸಾಗಿಸುವ ಪ್ರತಿಯೊಂದು ವಿಧಾನವೂ ಕೊನೆಗೆ ಬಂದು ಮುಟ್ಟುವ ಗಡಿ ಇದು.

ಈ ಗಡಿಗೆ ಆದಷ್ಟು ಹತ್ತಿರ ಹೋಗುವ ದಾರಿ ಅಳತೆಯ ಉಪಕರಣಗಳ ಲೋಕದಿಂದ ಬಂತು. ಅಜಿಲೆಂಟ್ ಪ್ರಯೋಗಾಲಯದ ಜಾನ್ ಐಡ್ಸನ್ ಮತ್ತು ಸಂಗಡಿಗರ ಶ್ರಮದಿಂದ 2002ರಲ್ಲಿ ಐಇಇಇ 1588 ಎಂಬ ಮಾನಕ ಹೊರಬಂತು. ಬಳಕೆಯಲ್ಲಿ ಅದು ಪಿಟಿಪಿ. ಸಾಫ್ಟ್‌ವೇರ್‌ನಲ್ಲಿ ಸಮಯ ಗುರುತಿಸಿದರೆ ಆಪರೇಟಿಂಗ್ ಸಿಸ್ಟಂ ಯಾವಾಗ ಎಚ್ಚರಗೊಂಡಿತೋ ಆಗಿನ ಸಮಯ ದಾಖಲಾಗುತ್ತದೆ. ಅದರ ಬದಲು ಪ್ಯಾಕೆಟ್ ತಂತಿಯನ್ನು ಮುಟ್ಟುವ ಜಾಗದಲ್ಲಿ ಚಿಪ್ಪೇ ಮುದ್ರೆ ಒತ್ತಬೇಕು. 2008ರ ಆವೃತ್ತಿ ಇನ್ನೊಂದು ಹೆಜ್ಜೆ ಮುಂದಿಟ್ಟಿತು: ನಡುವಿನ ಪ್ರತಿ ಸ್ವಿಚ್ಚೂ ಪ್ಯಾಕೆಟ್ ತನ್ನೊಳಗೆ ಎಷ್ಟು ಹೊತ್ತು ಕಾದಿತು ಎಂದು ಅಳೆದು ಅದರ ಮೇಲೆಯೇ ಬರೆದು ಕಳಿಸಬಹುದು. ಕಾಯುವಿಕೆಯನ್ನು ತಪ್ಪಿಸಲಾಗದಿದ್ದರೂ ಲೆಕ್ಕಕ್ಕೆ ತಂದರೆ ಅದರ ಕಾಟ ತಪ್ಪಿತು. ಮಿಲಿಸೆಕೆಂಡಿನಲ್ಲಿ ಮಾತಾಡುತ್ತಿದ್ದ ಜಾಲ ಮೈಕ್ರೋಸೆಕೆಂಡಿನ ಕೆಳಗೆ ಇಳಿಯಿತು.

ತಂತಿಯ ಕೆಳಪದರದಲ್ಲಿ ಸಿಕ್ಕ ಮಿಡಿತ

ಇಷ್ಟೆಲ್ಲ ಸಂಶೋಧನೆಗೆ ತುರ್ತು ಕೊಟ್ಟದ್ದು ಮೊಬೈಲ್ ಗೋಪುರ. ಗೋಪುರದ ರೇಡಿಯೋ ಆವರ್ತನ ನೂರು ಕೋಟಿಗೆ 50 ಭಾಗಕ್ಕಿಂತ ಹೆಚ್ಚು ತಪ್ಪಬಾರದು. ತಪ್ಪಿದರೆ ಚಲಿಸುವ ವಾಹನದಲ್ಲಿರುವ ಫೋನಿಗೆ ಒಂದು ಗೋಪುರದಿಂದ ಇನ್ನೊಂದಕ್ಕೆ ದಾಟುವುದು ಕಷ್ಟವಾಗಿ ಕರೆ ಕಡಿಯುತ್ತದೆ. ಅಷ್ಟು ಕರಾರುವಾಕ್ಕಾದ ಮಿಡಿತವನ್ನು ಗೋಪುರಗಳು ಇ1 ತಂತಿಯಿಂದಲೇ ಪಡೆಯುತ್ತಿದ್ದವು. ದತ್ತಾಂಶದ ಬೇಡಿಕೆ ಹೆಚ್ಚಿ ಕಂಪನಿಗಳು ಇ1 ಕಿತ್ತು ಈಥರ್ನೆಟ್ ಹಾಕತೊಡಗಿದಾಗ ವೇಗ ಹತ್ತಾರು ಪಟ್ಟು ಹೆಚ್ಚಾಯಿತು, ಮಿಡಿತ ನಿಂತುಹೋಯಿತು.

ಉತ್ತರ ಈಥರ್ನೆಟ್ಟಿನೊಳಗೇ ಇತ್ತು. ಮೊದಲ ಕಾಲದ ಈಥರ್ನೆಟ್‌ನಲ್ಲಿ ಪ್ಯಾಕೆಟ್ ಇಲ್ಲದಾಗ ತಂತಿ ಮೌನವಾಗಿರುತ್ತಿತ್ತು. 100 ಮೆಗಾಬಿಟ್ ಮತ್ತು ಅದರ ಮೇಲಿನ ಪೀಳಿಗೆಗಳಲ್ಲಿ ಹಾಗಲ್ಲ. ಪ್ಯಾಕೆಟ್ ಇರಲಿ ಬಿಡಲಿ, ಸಂಕೇತಗಳು ಎಡೆಬಿಡದೆ ಹರಿಯುತ್ತಿರುತ್ತವೆ. ಅವುಗಳನ್ನು ಓದಲು ಸ್ವೀಕರಿಸುವ ಚಿಪ್ ಹೇಗೂ ಕಳಿಸುವವರ ಮಿಡಿತವನ್ನು ಹಿಡಿಯಲೇಬೇಕು, ಹಿಡಿಯುತ್ತಲೂ ಇತ್ತು. ಹಿಡಿದದ್ದನ್ನು ಓದುವಷ್ಟಕ್ಕೆ ಬಳಸಿ ಬಿಟ್ಟುಬಿಡುತ್ತಿತ್ತು. ಮುಂದಿನ ತಂತಿಗೆ ಬರೆಯುವಾಗ ತನ್ನದೇ ಅಗ್ಗದ ಸ್ಫಟಿಕವನ್ನು ನೆಚ್ಚಿಕೊಳ್ಳುತ್ತಿತ್ತು. ಹಿಡಿದ ಮಿಡಿತವನ್ನು ಬಿಡದೆ, ಸೋಸಿ, ಅದರಿಂದಲೇ ಮುಂದಿನ ತಂತಿಯನ್ನು ನಡೆಸಿದರೆ? ಟೆಲಿಫೋನ್ ಜಾಲದ ಹಳೆಯ ಮೆಟ್ಟಿಲುಸಾಲು ಈಥರ್ನೆಟ್ ಮೇಲೆ ಮತ್ತೆ ನಿಲ್ಲುತ್ತದೆ. ಪ್ಯಾಕೆಟ್‌ಗಳ ದಟ್ಟಣೆಗೂ ಇದಕ್ಕೂ ಸಂಬಂಧವೇ ಇಲ್ಲ, ಏಕೆಂದರೆ ಮಿಡಿತ ಪ್ಯಾಕೆಟ್‌ನಲ್ಲಿಲ್ಲ, ಅದರ ಕೆಳಗಿನ ಸಂಕೇತದಲ್ಲಿದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2006ರಿಂದ 2008ರ ನಡುವೆ ಜಿ.8261, ಜಿ.8262, ಜಿ.8264 ಎಂಬ ಶಿಫಾರಸುಗಳಲ್ಲಿ ಇದನ್ನು ಸಿಂಕ್ರೊನಸ್ ಈಥರ್ನೆಟ್ ಎಂದು ಕಟ್ಟುನಿಟ್ಟಾಗಿ ವಿಧಿಸಿತು. ಹತ್ತು ಲಕ್ಷಕ್ಕೆ 100 ಭಾಗದ ಸಡಿಲ ನಿಯಮದ ಜಾಗದಲ್ಲಿ 4.6 ಭಾಗದ ಬಿಗಿ ನಿಯಮ ಬಂತು.

ವೇಗ ಹೊಂದಿತು, ಆದರೆ ಕ್ಷಣ ಹೊಂದಬೇಕಾದ ಕಾಲವೂ ಬಂತು. ಒಂದೇ ಆವರ್ತನದಲ್ಲಿ ಸರದಿಯ ಮೇಲೆ ಕಳಿಸುವ, ಕೇಳುವ ಟಿಡಿಡಿ ವಿಧಾನದಲ್ಲಿ ನೆರೆಯ ಗೋಪುರಗಳೆಲ್ಲ ಒಟ್ಟಿಗೆ ಮಾತಾಡಿ ಒಟ್ಟಿಗೆ ಕೇಳಬೇಕು. ಒಂದು ಬೇಗ ಬಾಯಿ ತೆರೆದರೆ ಪಕ್ಕದ್ದಕ್ಕೆ ತನ್ನ ಗ್ರಾಹಕರ ದನಿ ಕೇಳುವುದಿಲ್ಲ. ಏರ್‌ಟೆಲ್ 2012ರ ಏಪ್ರಿಲ್‌ನಲ್ಲಿ ಕೋಲ್ಕತ್ತದಲ್ಲಿ, ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಶುರುಮಾಡಿದ 4ಜಿ ಇದೇ ಬಗೆಯದು. ಇಂದಿನ 5ಜಿಯ ಮುಖ್ಯ ಆವರ್ತನ ಪಟ್ಟಿಯೂ ಇದೇ ಬಗೆಯದು. ಪ್ರತಿ ಗೋಪುರದ ಗಡಿಯಾರ ಮೂಲ ಸಮಯದಿಂದ 1.5 ಮೈಕ್ರೋಸೆಕೆಂಡಿನೊಳಗೆ ಇರಬೇಕು. ಬೆಳಕು ಫೈಬರಿನಲ್ಲಿ ಸುಮಾರು 300 ಮೀಟರ್ ಸಾಗುವಷ್ಟು ಕಾಲ ಅದು. ಹೋಗುವ ಫೈಬರು ಬರುವ ಫೈಬರಿಗಿಂತ 400 ಮೀಟರ್ ಉದ್ದವಾಗಿದ್ದರೆ 1 ಮೈಕ್ರೋಸೆಕೆಂಡ್ ತಪ್ಪು ಅಲ್ಲೇ ಆಗಿಹೋಗುತ್ತದೆ. ರಸ್ತೆ ಅಗೆದು ಕೇಬಲ್ ಕಡಿದಾಗ ದುರಸ್ತಿಯವರು ಎಷ್ಟು ತಂತು ಹೆಚ್ಚು ಸುತ್ತಿಟ್ಟರು ಎಂಬುದೂ ಈಗ ಗಡಿಯಾರದ ವಿಷಯ. 2014ರ ಜಿ.8275.1 ಶಿಫಾರಸು ಎರಡು ದಾರಿಗಳನ್ನು ಕೂಡಿಸಿತು: ವೇಗಕ್ಕೆ ಸಿಂಕ್ರೊನಸ್ ಈಥರ್ನೆಟ್, ಕ್ಷಣಕ್ಕೆ ಪಿಟಿಪಿ, ನಡುವಿನ ಪ್ರತಿ ಯಂತ್ರದಲ್ಲೂ ಗಡಿಯಾರ.

ಈ ಕೂಡಿಕೆ ಎಷ್ಟು ದೂರ ಹೋಗಬಲ್ಲದು ಎಂಬುದನ್ನು ಜಿನೀವಾದ ಸರ್ನ್ ಪ್ರಯೋಗಾಲಯ ತೋರಿಸಿತು. ಕಣ ವೇಗವರ್ಧಕಗಳ ಸಮಯ ಹಂಚಿಕೆಗಾಗಿ 2008ರ ಸುಮಾರಿಗೆ ಅಲ್ಲಿ ಆರಂಭವಾದ ವೈಟ್ ರ‍್ಯಾಬಿಟ್ ಯೋಜನೆ ಹಲವು ಕಿಲೋಮೀಟರ್ ಫೈಬರಿನ ಆಚೆ ನ್ಯಾನೋಸೆಕೆಂಡಿಗಿಂತ ಕಡಿಮೆ ತಪ್ಪಿನಲ್ಲಿ ಗಡಿಯಾರ ಹೊಂದಿಸಿತು. ವಿನ್ಯಾಸವನ್ನೆಲ್ಲ ಮುಕ್ತವಾಗಿ ಹಂಚಿತು. ಅದರ ತಿರುಳು 2019ರ ಐಇಇಇ 1588 ಆವೃತ್ತಿಯ ಭಾಗವಾಯಿತು.

ಯಾರ ಗಡಿಯಾರ?

ಮಿಡಿತವನ್ನು ಸಾಗಿಸುವ ವಿದ್ಯೆ ಹೀಗೆ ಕೈವಶವಾಯಿತು. ಸಾಗಿಸಲು ಮೂಲ ಬೇಕಲ್ಲ? ಜಗತ್ತಿನ ಬಹುಪಾಲು ದೂರಸಂಪರ್ಕ ಜಾಲಗಳು ಅದಕ್ಕೆ ಅಮೆರಿಕದ ಜಿಪಿಎಸ್ ಉಪಗ್ರಹಗಳತ್ತ ಮುಖ ಮಾಡಿದವು. 2016ರ ಜನವರಿ 26ರಂದು ಇದರ ಅಪಾಯ ಕಂಡಿತು. ಹಳೆಯ ಉಪಗ್ರಹವೊಂದನ್ನು ಸೇವೆಯಿಂದ ತೆಗೆಯುವಾಗ ನೆಲದ ಸಾಫ್ಟ್‌ವೇರ್‌ನ ತೊಡಕಿನಿಂದ ಹಲವು ಜಿಪಿಎಸ್ ಉಪಗ್ರಹಗಳು ಸುಮಾರು 13 ಮೈಕ್ರೋಸೆಕೆಂಡ್ ತಪ್ಪಾದ ಸಮಯ ಸಾರಿದವು. ದಾರಿ ತೋರಿಸುವ ಕೆಲಸಕ್ಕೆ ಧಕ್ಕೆಯಾಗಲಿಲ್ಲ. ಸಮಯ ನೆಚ್ಚಿದ ಉಪಕರಣಗಳು ಗಂಟೆಗಟ್ಟಲೆ ಎಚ್ಚರಿಕೆಯ ಗಂಟೆ ಬಾರಿಸಿದವು. ಬ್ರಿಟನ್ನಿನ ಬಿಬಿಸಿ ಡಿಜಿಟಲ್ ರೇಡಿಯೋ ಪ್ರಸಾರವೂ ಏರುಪೇರಾಯಿತು. 1.5 ಮೈಕ್ರೋಸೆಕೆಂಡಿನ ಮಿತಿಯಲ್ಲಿ ಬದುಕುವ ಜಾಲಕ್ಕೆ 13 ಎಂದರೆ ಎಂಥ ಪೆಟ್ಟು ಎಂದು ಬಿಡಿಸಿ ಹೇಳಬೇಕಿಲ್ಲ.

ಭಾರತಕ್ಕೆ ತನ್ನದೇ ಮೂಲಗಳಿವೆ. ಭಾರತೀಯ ಕಾಲಮಾನವನ್ನು ಕಾಯುವುದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ಬೆಂಗಳೂರಿನ ಹೊರಗಿನ ಬ್ಯಾಲಾಳುವಿನಲ್ಲಿ ಇಸ್ರೋದ ನ್ಯಾವಿಗೇಶನ್ ಕೇಂದ್ರ 2013ರಿಂದ ಪರಮಾಣು ಗಡಿಯಾರಗಳ ಸಮೂಹವನ್ನಿಟ್ಟುಕೊಂಡು ನಾವಿಕ್ ಉಪಗ್ರಹಗಳ ಸಮಯವನ್ನು ನಡೆಸುತ್ತಿದೆ. ಆ ಸರಣಿಯ ಮೊದಲ ಉಪಗ್ರಹದಲ್ಲಿ ಹೊರದೇಶದಿಂದ ತರಿಸಿದ ರುಬಿಡಿಯಂ ಗಡಿಯಾರಗಳು ಕೈಕೊಟ್ಟವು. 2023ರ ಮೇನಲ್ಲಿ ಹಾರಿದ ಎನ್‌ವಿಎಸ್-01 ನಮ್ಮಲ್ಲೇ ತಯಾರಾದ ರುಬಿಡಿಯಂ ಗಡಿಯಾರವನ್ನು ಹೊತ್ತೊಯ್ದಿತು. ಬೆಂಗಳೂರೂ ಸೇರಿ ಐದು ನಗರಗಳ ಪ್ರಾದೇಶಿಕ ಪ್ರಮಾಣ ಪ್ರಯೋಗಾಲಯಗಳಿಂದ ಭಾರತೀಯ ಕಾಲಮಾನವನ್ನು ಹಂಚುವ ಯೋಜನೆಯೂ ನಡೆದಿದೆ. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ಅಥವಾ ಭೌತ ಪ್ರಯೋಗಾಲಯದ ಎನ್‌ಟಿಪಿ ಸರ್ವರ್‌ಗಳಿಗೆ ಗಡಿಯಾರ ಹೊಂದಿಸಿಕೊಳ್ಳಬೇಕೆಂದು 2022ರ ಏಪ್ರಿಲ್‌ನಲ್ಲಿ ಸೈಬರ್ ಸುರಕ್ಷತೆಯ ಸರ್ಕಾರಿ ಘಟಕ ಸರ್ಟ್-ಇನ್ ದೇಶದ ಸಂಸ್ಥೆಗಳಿಗೆ ಆದೇಶಿಸಿತು. ಹಳ್ಳಿಗಳತ್ತ ಫೈಬರ್ ಒಯ್ದ ಭಾರತ್‌ನೆಟ್ ಬಳಸಿದ ಜಿಪಾನ್ ತಂತ್ರಜ್ಞಾನದ ಫ್ರೇಮ್ ಇಂದಿಗೂ 125 ಮೈಕ್ರೋಸೆಕೆಂಡಿನದೇ. ಅಂದರೆ ಮಿಡಿತ ಒಯ್ಯಬಲ್ಲ ದಾರಿ ಹಳ್ಳಿಯತನಕ ಆಗಲೇ ಹಾಕಲಾಗಿದೆ.

ಉಳಿದಿರುವುದು ಅದನ್ನು ಬೇಡಿ ಪಡೆಯುವ ಸಂಕಲ್ಪ. ಪ್ಯಾಕೆಟ್ ಜಾಲ ತನ್ನ ಮಟ್ಟಿಗೆ ಗಡಿಯಾರ ಕೇಳುವುದಿಲ್ಲ. ಅದಿಲ್ಲದೆಯೂ ವೆಬ್ ಪುಟ ತೆರೆಯುತ್ತದೆ, ಹಣ ಪಾವತಿಯಾಗುತ್ತದೆ, ಜಾಲ ಚೆನ್ನಾಗಿದೆ ಎಂದೇ ಕಾಣುತ್ತದೆ. ಕೊರತೆ ಬೆಳಕಿಗೆ ಬರುವುದು ಕರೆ ಕಡಿದಾಗ, ಗೋಪುರಗಳು ಒಂದರ ಮೇಲೊಂದು ಕೂಗಾಡಿದಾಗ, ವಿದ್ಯುತ್ ಜಾಲದ ಎರಡು ಉಪಕೇಂದ್ರಗಳ ದಾಖಲೆ ತಾಳೆಯಾಗದೆ ಹೋದಾಗ. ಆಗ ಕಾರಣ ಹುಡುಕುವುದು ಬಲು ಕಷ್ಟ. ಆದ್ದರಿಂದ ಸರ್ಕಾರಿ ಹಣದಲ್ಲಿ ಹಾಕುವ ಪ್ರತಿ ಜಾಲದ ಟೆಂಡರಿನಲ್ಲಿ ವೇಗದ ಜೊತೆಗೆ ಸಮಯದ ತಪ್ಪಿನ ಮಿತಿಯನ್ನೂ ಬರೆಯಬೇಕು. ಪ್ರತಿ ಗೋಪುರಕ್ಕೆ ಆಕಾಶದಿಂದೊಂದು, ನೆಲದ ಫೈಬರಿನಿಂದೊಂದು ಸಮಯದ ಮೂಲ ಇರಬೇಕು, ಮತ್ತು ಅವೆರಡರ ಜಾಡೂ ಈ ದೇಶದ ಪ್ರಯೋಗಾಲಯದಲ್ಲಿ ಕೊನೆಗೊಳ್ಳಬೇಕು. ಸಮಾನವಾದ ಮೂಲವಿಲ್ಲದ ಎರಡು ಗಡಿಯಾರಗಳನ್ನು ಯಾವ ಗಣಿತವೂ ಪೂರ್ತಿ ಹೊಂದಿಸಲಾರದು ಎಂದು ಐವತ್ತು ವರ್ಷಗಳ ಈ ಕೆಲಸ ಕಲಿಸಿದೆ. ಆ ಮೂಲವನ್ನು ಕಟ್ಟಿ, ಕಾದು, ಎಲ್ಲರಿಗೂ ತಲುಪಿಸುವುದು ಸಾರ್ವಜನಿಕ ಹೊಣೆ.